ಸೌಲನಿಗೆ ಜಾಮೀನು ನಿಂತವನು

ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಪಟ್ಟಿಯಲ್ಲಿ ಬಾರ್ನಬನ ಹೆಸರಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಅವನ ಹೆಸರಿನ ಸುವಾರ್ತೆಯೂ ಇಲ್ಲ, ಪತ್ರವೂ ಇಲ್ಲ. ಅವನೊಬ್ಬನೇ ನಿಂತು ಮಾಡಿದ ಒಂದು ಪ್ರಸಂಗವನ್ನೂ ಯಾರೂ ಬರೆದಿಟ್ಟಿಲ್ಲ. ವರ್ಷಕ್ಕೊಮ್ಮೆ, ಜೂನ್ 11ರಂದು, ಹಳೆಯ ಸಂಪ್ರದಾಯದ ಚರ್ಚುಗಳಲ್ಲಿ ಅವನ ಹಬ್ಬ ಬಂದು ಹೋಗುತ್ತದೆ. ಬಹಳ ಮಂದಿಗೆ ಅದು ಗೊತ್ತೂ ಆಗುವುದಿಲ್ಲ. ಆದರೂ ಕ್ರೈಸ್ತರಾಗಿ ಬದುಕುವುದು ಎಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಪೇತ್ರ, ಪೌಲರಿಗಿಂತ ಮೊದಲು ಬಾರ್ನಬನ ಕಡೆಗೇ ಬೊಟ್ಟು ಮಾಡುತ್ತೇನೆ. ಪೌಲನ ಪಾಂಡಿತ್ಯ ಎಲ್ಲರಿಗೂ ಬರುವಂಥದ್ದಲ್ಲ. ಪೇತ್ರನಂತೆ ಸಾವಿರಾರು ಜನರ ಮುಂದೆ ನಿಂತು ಮಾತಾಡುವುದೂ ಎಲ್ಲರ ಕೈಲಾಗುವುದಿಲ್ಲ. ಬಾರ್ನಬ ಮಾಡಿದ್ದನ್ನು ಮಾತ್ರ ಯಾವ ಊರಿನ ಯಾವ ಸಭೆಯಲ್ಲಾದರೂ, ಕೊನೆಯ ಬೆಂಚಿನಲ್ಲಿ ಕೂತವರೂ ಮಾಡಬಹುದು. ಇತರರ ನಂಬಿಕೆ ಕಳೆದುಕೊಂಡವರ ಪಕ್ಕದಲ್ಲಿ ನಿಂತು, ಇವರ ಹೊಣೆ ನನ್ನದು ಎಂದು ಹೇಳುವುದೇ ಆ ಕೆಲಸ. ಅವನ ಬದುಕಿನ ಉದ್ದಕ್ಕೂ ಕಾಣುವುದು ಇದೊಂದೇ.

ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಅವನು ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. ಹೆತ್ತವರು ಇಟ್ಟ ಹೆಸರು ಯೋಸೇಫ. ಹುಟ್ಟಿದ್ದು ಕುಪ್ರದ್ವೀಪದಲ್ಲಿ, ಅಂದರೆ ಈಗಿನ ಸೈಪ್ರಸ್‌ನಲ್ಲಿ. ಕುಲ ಲೇವಿಯದು. ದೇವಾಲಯದ ಸೇವೆಗೆ ಮೀಸಲಾದ ಕುಲ ಅದು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಇಸ್ರಾಯೇಲಿನಲ್ಲಿ ಲೇವಿಯರಿಗೆ ಭೂಮಿಯ ಪಾಲಿರಲಿಲ್ಲ. ಯೇಸುವಿನ ಕಾಲಕ್ಕೆ ಆ ಕಟ್ಟು ಸಡಿಲಾಗಿತ್ತು, ಹಾಗಾಗಿ ಈ ಯೋಸೇಫನಿಗೆ ಒಂದು ಹೊಲವಿತ್ತು. ಅದನ್ನು ಮಾರಿ, ಬಂದ ಹಣವನ್ನು ತಂದು ಅಪೊಸ್ತಲರ ಪಾದಗಳ ಬಳಿ ಇಟ್ಟ. ಧೈರ್ಯ ತುಂಬುವವನು ಎಂಬ ಅರ್ಥದ ಬಾರ್ನಬ ಎಂಬ ಹೆಸರು ಅಪೊಸ್ತಲರೇ ಅವನಿಗೆ ಇಟ್ಟದ್ದು.

ಯೆರೂಸಲೇಮಿನ ಆ ಮೊದಲ ಸಭೆಯಲ್ಲಿ ಇದ್ದವರು ಇಲ್ಲದವರಿಗಾಗಿ ಮನೆ, ಹೊಲ ಮಾರುತ್ತಿದ್ದರು. ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕ ಅವರಲ್ಲಿ ಬಾರ್ನಬನೊಬ್ಬನ ಹೆಸರು ಹೇಳಿ, ತಕ್ಷಣ ಮುಂದಿನ ಅಧ್ಯಾಯದಲ್ಲಿ ಅನನೀಯ ಮತ್ತು ಸಪ್ಫೈರ ಎಂಬ ದಂಪತಿಯ ಕಥೆಗೆ ಹೋಗುತ್ತಾನೆ. ಅವರೂ ಆಸ್ತಿ ಮಾರಿದರು. ಆದರೆ ಒಂದಿಷ್ಟು ಹಣವನ್ನು ಮುಚ್ಚಿಟ್ಟುಕೊಂಡು, ಇದೇ ಪೂರ್ತಿ ಎಂದು ಹೇಳಿದರು. ಹಣ ಇಟ್ಟುಕೊಂಡದ್ದು ತಪ್ಪಲ್ಲ, ಅದು ನಿಮ್ಮದೇ ಆಗಿತ್ತು, ಸುಳ್ಳು ಹೇಳಿದ್ದೇ ತಪ್ಪು ಎಂಬುದು ಪೇತ್ರನ ಆಕ್ಷೇಪಣೆಯ ತಿರುಳು. ಬಾರ್ನಬನ ಕಾಣಿಕೆಯಲ್ಲಿ ಮರೆಮಾಚುವಂಥದ್ದು ಏನೂ ಇರಲಿಲ್ಲ. ಮುಂದೆ ಅವನ ಮಾತಿಗೆ ಸಿಕ್ಕ ತೂಕಕ್ಕೆ ಇದೇ ಬುನಾದಿ ಎಂದು ನನಗೆ ಅನ್ನಿಸುತ್ತದೆ. ಇನ್ನೊಬ್ಬರ ಹೊಣೆ ಹೊರಬೇಕಾದರೆ ಮೊದಲು ನಮ್ಮ ಮಾತಿಗೆ ಬೆಲೆ ಇರಬೇಕು. ಅಂಥ ಬೆಲೆ ಒಂದೇ ದಿನಕ್ಕೆ ಬರುವುದಿಲ್ಲ.

ಹೆದರಿದ ಸಭೆಯ ಮುಂದೆ

ಯೆರೂಸಲೇಮಿನ ಶಿಷ್ಯರಲ್ಲೊಬ್ಬನಾದ ಸ್ತೆಫನನನ್ನು ಕಲ್ಲೆಸೆದು ಕೊಂದ ದಿನ, ಕಲ್ಲೆಸೆಯುವವರ ಮೇಲುಬಟ್ಟೆಗಳನ್ನು ಸೌಲನೆಂಬ, ಮುಂದೆ ಪೌಲನೆಂದು ಹೆಸರಾದ ಯುವಕನ ಕಾಲ ಬಳಿ ಇಟ್ಟಿದ್ದರು. ಅಲ್ಲಿಂದಾಚೆ ಅವನು ಮನೆಮನೆ ಹೊಕ್ಕು ಗಂಡಸರನ್ನೂ ಹೆಂಗಸರನ್ನೂ ಎಳೆದೊಯ್ದು ಸೆರೆಗೆ ಹಾಕಿಸಿದ. ಯೆರೂಸಲೇಮಿನ ಶಿಷ್ಯರಿಗೆ ಸೌಲ ದೂರದಿಂದ ಕೇಳಿದ ಹೆಸರಲ್ಲ, ಮನೆ ಬಾಗಿಲಿಗೇ ಬಂದ ಭಯ. ಅವನು ತಮ್ಮ ಬಂಧುಗಳನ್ನು ಹಿಡಿದುಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು ಆ ಸಭೆಯಲ್ಲಿ ಇದ್ದಿರಲೇಬೇಕು. ಆಮೇಲೆ ದಮಸ್ಕದ ದಾರಿಯಲ್ಲಿ ಅವನಿಗೆ ಯೇಸುವಿನ ದರ್ಶನವಾಯಿತು, ಅವನು ಬದಲಾದ, ದಮಸ್ಕದಲ್ಲಿ ಅವನನ್ನೇ ಕೊಲ್ಲಲು ಹೊಂಚು ಹಾಕಿದಾಗ ಶಿಷ್ಯರು ರಾತ್ರಿ ಹೊತ್ತು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಕೋಟೆಗೋಡೆಯಿಂದ ಇಳಿಸಿ ಪಾರು ಮಾಡಿದರು. ಇದೆಲ್ಲ ಆಗಿ, ಕ್ರಿ.ಶ. 36ರ ಆಸುಪಾಸಿನಲ್ಲಿ, ಅದೇ ಮನುಷ್ಯ ಯೆರೂಸಲೇಮಿಗೆ ಬಂದು, ನಾನೂ ನಿಮ್ಮವನೇ, ನನ್ನನ್ನು ಸೇರಿಸಿಕೊಳ್ಳಿ ಎಂದ. ಯಾರೂ ನಂಬಲಿಲ್ಲ.

ನಂಬದೆ ಇದ್ದದ್ದು ಅವರ ತಪ್ಪಲ್ಲ. ಪೊಲೀಸ್ ಬೇಹುಗಾರರು ಭಕ್ತರ ವೇಷದಲ್ಲಿ ಬಂದ ಕಥೆಗಳು ಎಲ್ಲ ಕಾಲಕ್ಕೂ ಇವೆ. ಒಬ್ಬನನ್ನು ಒಳಗೆ ಬಿಟ್ಟುಕೊಂಡು ಹತ್ತು ಕುಟುಂಬ ಸೆರೆ ಸೇರಿದರೆ ಹೊಣೆ ಯಾರು? ಅವರು ಓದಿ ಬೆಳೆದ ಜ್ಞಾನೋಕ್ತಿಗಳ ಪುಸ್ತಕವೂ ಜಾಮೀನಿನ ವಿಷಯದಲ್ಲಿ ಬಹಳ ನಿಷ್ಠುರ. ಇನ್ನೊಬ್ಬನ ಸಾಲಕ್ಕೆ ಹೊಣೆಯಾದವನು ಬುದ್ಧಿಗೇಡಿ, ಕೊನೆಗೆ ಮಲಗುವ ಹಾಸಿಗೆಯೂ ಅವನಿಗೆ ಉಳಿಯದು ಎಂಬ ಅರ್ಥದ ಎಚ್ಚರಿಕೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದೂ ಅದನ್ನೇ: ಕೈಲಾದರೆ ದುಡ್ಡು ಕೊಡು, ಜಾಮೀನಿಗೆ ಮಾತ್ರ ಸಹಿ ಹಾಕಬೇಡ. ಲೇವಿ ಕುಲದ ಬಾರ್ನಬನಿಗೆ ಆ ಬುದ್ಧಿಮಾತು ತಿಳಿಯದೇನಲ್ಲ. ತಿಳಿದೇ ಅವನು ಸೌಲನ ಕೈ ಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದ.

ಇಲ್ಲಿ ಒಂದು ಸೂಕ್ಷ್ಮವಿದೆ, ಓದುವಾಗ ಸುಲಭವಾಗಿ ತಪ್ಪಿಹೋಗುವಂಥದ್ದು. ಬಾರ್ನಬ ಅಪೊಸ್ತಲರ ಮುಂದೆ, ಪಾಪ, ಕ್ಷಮಿಸಿಬಿಡಿ ಎನ್ನಲಿಲ್ಲ. ಅವನು ಮೂರು ಸಂಗತಿಗಳನ್ನು ತಿಳಿಸಿದ ಎಂದು ಲೂಕ ಬರೆಯುತ್ತಾನೆ: ಸೌಲ ದಾರಿಯಲ್ಲಿ ಕರ್ತನನ್ನು ಕಂಡದ್ದು, ಕರ್ತನು ಅವನೊಡನೆ ಮಾತಾಡಿದ್ದು, ಆಮೇಲೆ ದಮಸ್ಕದಲ್ಲಿ ಅವನು ಯೇಸುವಿನ ಹೆಸರಿನಲ್ಲಿ ಧೈರ್ಯವಾಗಿ ಸಾರಿದ್ದು. ಅಂದರೆ ಬಾರ್ನಬ ಅದಕ್ಕೆ ಮೊದಲು ಸೌಲನೊಡನೆ ಕೂತು ಅವನ ಕಥೆಯನ್ನೆಲ್ಲ ಕೇಳಿಸಿಕೊಂಡಿದ್ದ. ಬಾಯಿಮಾತಿನ ಪಶ್ಚಾತ್ತಾಪಕ್ಕೆ ನಿಲ್ಲದೆ, ಆಮೇಲೆ ಈತ ಏನು ಮಾಡಿದ ಎಂಬುದನ್ನೂ ತಿಳಿದುಕೊಂಡಿದ್ದ. ಉಳಿದವರು ಹೆದರಿ ದೂರ ನಿಂತಾಗ ಹತ್ತಿರ ಹೋದವನಿಗೆ ಮಾತ್ರ ಸಿಗುವ ತಿಳಿವಳಿಕೆ ಅದು. ಕರುಣೆಗೆ ಕಣ್ಣು ಕಾಣಬಾರದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಾರ್ನಬನ ಕರುಣೆ ಕಣ್ಣು ಬಿಟ್ಟುಕೊಂಡೇ ಇತ್ತು.

ಇನ್ನೂ ಒಂದು ಮಾತು. ಸೌಲನನ್ನು ಸೇರಿಸಿಕೊಂಡದ್ದರಿಂದ ಸಭೆಗೆ ತಕ್ಷಣ ಒಳ್ಳೆಯದೇನೂ ಆಗಲಿಲ್ಲ. ಅವನು ಗ್ರೀಕ್ ಮಾತಾಡುವ ಯೆಹೂದ್ಯರೊಡನೆ ವಾದಕ್ಕಿಳಿದ, ಅವರು ಅವನನ್ನು ಕೊಲ್ಲಲು ನೋಡಿದರು, ಕೊನೆಗೆ ಸಹೋದರರು ಅವನನ್ನು ಕೈಸರೈಯಕ್ಕೆ ಕರೆತಂದು ಹುಟ್ಟೂರಾದ ತಾರ್ಸಕ್ಕೆ ಕಳಿಸಿಬಿಟ್ಟರು. ಆಮೇಲೆ ಸಭೆಗೆ ನೆಮ್ಮದಿ ಸಿಕ್ಕಿತು ಎಂದು ಲೂಕ ಬೆನ್ನಿಗೇ ಬರೆಯುತ್ತಾನೆ! ನಾವು ಯಾರ ಪರವಾಗಿ ನಿಲ್ಲುತ್ತೇವೋ ಅವರು ಕೂಡಲೇ ನಮಗೆ ಹೆಮ್ಮೆ ತರುತ್ತಾರೆ ಎಂಬ ಭರವಸೆ ಈ ಕಥೆಯಲ್ಲಿಲ್ಲ. ಪೌಲ ಮುಂದೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದೇ ಯೆರೂಸಲೇಮ್ ಭೇಟಿಯನ್ನು ನೆನೆಯುತ್ತಾ, ಪೇತ್ರನ ಜೊತೆ 15 ದಿನ ಇದ್ದದ್ದನ್ನೂ ಯೇಸುವಿನ ಸಹೋದರ ಯಾಕೋಬನನ್ನು ಕಂಡದ್ದನ್ನೂ ಹೇಳುತ್ತಾನೆ. ಬಾಗಿಲು ತೆರೆಸಿದ ಬಾರ್ನಬನ ಹೆಸರನ್ನು ಅಲ್ಲಿ ಎತ್ತುವುದಿಲ್ಲ.

ನಮ್ಮ ಸಭೆಗಳಿಗೂ ಇಂಥವರು ಬರುತ್ತಾರೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ಕೆಲ ತಿಂಗಳಿದ್ದು ಭಾನುವಾರದ ಆರಾಧನೆಗೆ ಬಂದವನು ಕೊನೆಯ ಬೆಂಚಿನ ಅಂಚಿನಲ್ಲಿ ಕೂರುತ್ತಾನೆ. ಮುಂದಿನ ಸಾಲಿನವರು ತಿರುಗಿ ನೋಡಿ ಪಿಸುಗುಟ್ಟುತ್ತಾರೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಸಭಾಪಾಲಕರು ಎಲ್ಲರಿಗೂ ಕೈ ಕೊಡುವಾಗ ಅವನಿಗೂ ಕೊಡುತ್ತಾರೆ, ನಿಜ. ಆದರೆ ಅವನನ್ನು ಮನೆಗೆ ಊಟಕ್ಕೆ ಕರೆಯುವವರಿಲ್ಲ. ಗಾಯನ ತಂಡದಲ್ಲಿ ಮತ್ತೆ ಹಾಡಬಹುದೇ ಎಂದು ಅವನು ಕೇಳಿದರೆ, ಸ್ವಲ್ಪ ದಿನ ಹೋಗಲಿ ನೋಡೋಣ ಎಂಬ ಉತ್ತರ ಬರುತ್ತದೆ. ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಹೆಸರು ಕೆಟ್ಟ ಕುಟುಂಬದ ಹುಡುಗಿ, ಜೈಲಿನಿಂದ ಬಂದವನು, ಬೇರೆ ಸಭೆಯಲ್ಲಿ ಜಗಳವಾಡಿ ಬಂದವರು, ಎಲ್ಲರಿಗೂ ಇದೇ ಪಾಡು. ಅಂಥವರ ಪಕ್ಕ ಕೂತು ಕಥೆ ಕೇಳಿ, ಮುಂದಿನ ಕಮಿಟಿ ಸಭೆಯಲ್ಲಿ ಎದ್ದು ನಿಂತು ನಾನು ಇವರನ್ನು ಬಲ್ಲೆ ಎನ್ನುವ ಒಬ್ಬರು ಸಾಕು. ಯೆರೂಸಲೇಮಿನಲ್ಲೂ ಹಾಗೆ ಎದ್ದು ನಿಂತದ್ದು ಒಬ್ಬನೇ.

ತಾರ್ಸಕ್ಕೆ ಹೋಗಿ ಹುಡುಕಿದ್ದು

ಕೆಲವು ವರ್ಷಗಳು ಉರುಳಿದವು. ಸ್ತೆಫನನ ಕೊಲೆಯ ನಂತರ ಚದರಿಹೋದ ಶಿಷ್ಯರಲ್ಲಿ ಕುಪ್ರ ಮತ್ತು ಕುರೇನ್ಯದ ಕೆಲವರು ಅಂತಿಯೋಕ್ಯಕ್ಕೆ ಬಂದು, ಯೆಹೂದ್ಯರಲ್ಲದವರಿಗೂ ಸುವಾರ್ತೆ ಹೇಳತೊಡಗಿದರು. ಒರಾಂಟೀಸ್ ನದಿಯ ದಡದ ಅಂತಿಯೋಕ್ಯ ಆಗ ರೋಮ್ ಮತ್ತು ಅಲೆಕ್ಸಾಂಡ್ರಿಯಗಳ ನಂತರ ಸಾಮ್ರಾಜ್ಯದ ಮೂರನೆಯ ದೊಡ್ಡ ನಗರ. ಈಗ ಅದು ಟರ್ಕಿಯ ಅಂತಾಕ್ಯ. 2023ರ ಫೆಬ್ರುವರಿ ಭೂಕಂಪದಲ್ಲಿ ನೆಲಕಚ್ಚಿದ ಊರು. ಅಲ್ಲಿ ನಡೆಯುತ್ತಿದ್ದ ಹೊಸತು ಸರಿಯೋ ತಪ್ಪೋ ನೋಡಿ ಬರಲು ಯೆರೂಸಲೇಮಿನವರು ಬಾರ್ನಬನನ್ನು ಕಳಿಸಿದರು. ಬೇರೆ ಯಾರಾದರೂ ಹೋಗಿದ್ದರೆ ಹತ್ತು ಆಕ್ಷೇಪಣೆ ಬರೆದುಕೊಂಡು ಬರುತ್ತಿದ್ದರೇನೋ. ಬಾರ್ನಬ ಅಲ್ಲಿ ದೇವರ ಕೃಪೆಯನ್ನು ಕಂಡು ಸಂತೋಷಪಟ್ಟ. ಅವನು ಒಳ್ಳೆಯ ಮನುಷ್ಯ ಎಂದು ಲೂಕ ಅಲ್ಲೇ ಬರೆಯುತ್ತಾನೆ. ಹೀಗೆ ಮೆಚ್ಚಿ ಬರೆಯುವುದು ಲೂಕನಿಗೆ ಅಪರೂಪ. ಯೇಸುವಿನ ದೇಹವನ್ನು ಕೇಳಿ ಪಡೆದು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನಿಗೂ ಅವನು ಇದೇ ಮಾತು ಬಳಸಿದ್ದಾನೆ.

ಅಂತಿಯೋಕ್ಯದ ಸಭೆ ಬೆಳೆಯತೊಡಗಿತು. ಒಬ್ಬನ ಕೈಯಲ್ಲಿ ಸಾಗದಷ್ಟು ಕೆಲಸ. ಆಗ ಬಾರ್ನಬನಿಗೆ ತಾರ್ಸದಲ್ಲಿ ಮೂಲೆಗುಂಪಾಗಿದ್ದ ಸೌಲನ ನೆನಪಾಯಿತು. ಅವನು ಕಾಗದ ಬರೆದು ಕರೆಸಲಿಲ್ಲ, ಆಳನ್ನು ಕಳಿಸಲಿಲ್ಲ. ಸುಮಾರು 200 ಕಿ.ಮೀ. ದಾರಿ ತಾನೇ ಹೋಗಿ, ಹುಡುಕಿ, ಕಂಡುಹಿಡಿದು, ಜೊತೆಗೆ ಕರೆತಂದ. ನನಗೆ ಯೆರೂಸಲೇಮಿನ ಧೈರ್ಯಕ್ಕಿಂತ ಈ ತಾರ್ಸದ ಪ್ರಯಾಣ ದೊಡ್ಡದಾಗಿ ಕಾಣುತ್ತದೆ. ಕಣ್ಣೆದುರು ನಿಂತವನಿಗೆ ಸಹಾಯ ಮಾಡುವುದು ಹೆಚ್ಚು ಮಂದಿಗೆ ಸಾಧ್ಯ. ಸುದ್ದಿಯಿಲ್ಲದೆ ಹೋದವನನ್ನು ವರ್ಷಗಳ ನಂತರ ನೆನೆದು, ಅವನ ವರ ಇಲ್ಲಿ ಬೇಕು ಎಂದು ಹೊರಡಬೇಕಾದರೆ ಆ ಮನುಷ್ಯನನ್ನು ಅಷ್ಟು ಕಾಲವೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಅದರಲ್ಲೂ ಸೌಲ ತನಗಿಂತ ದೊಡ್ಡ ಬೋಧಕ ಎಂಬುದು ಬಾರ್ನಬನಿಗೆ ಗೊತ್ತಿತ್ತು. ಕರೆತಂದರೆ ತನ್ನ ಹೆಸರು ಹಿಂದೆ ಬೀಳುತ್ತದೆ ಎಂಬುದೂ ಹೊಳೆದಿರಬೇಕು. ಇಬ್ಬರೂ ಸೇರಿ ಅಲ್ಲಿ ಒಂದು ವರ್ಷ ಪೂರ್ತಿ ಕಲಿಸಿದರು. ಶಿಷ್ಯರನ್ನು ಜನ ಕ್ರೈಸ್ತರು ಎಂದು ಮೊದಲು ಕರೆದದ್ದು ಆ ಊರಿನಲ್ಲೇ.

ಅದೇ ಸಮಯಕ್ಕೆ ಅಗಬನೆಂಬ ಪ್ರವಾದಿ ಬರಗಾಲ ಬರಲಿದೆ ಎಂದು ಸೂಚಿಸಿದ. ಕ್ಲೌದ್ಯ ಚಕ್ರವರ್ತಿಯ ಆಳ್ವಿಕೆಯಲ್ಲಿ, ಅಂದರೆ ಕ್ರಿ.ಶ. 41ರಿಂದ 54ರ ನಡುವೆ, ಯೂದಾಯದಲ್ಲಿ ಬರ ಬಿದ್ದದ್ದಕ್ಕೆ ಯೆಹೂದ್ಯ ಇತಿಹಾಸಕಾರ ಜೋಸೆಫಸ್‌ನ ಬರಹವೂ ಸಾಕ್ಷಿ. ಅದಿಯಬೀನ್ ರಾಜ್ಯದ ರಾಣಿ ಹೆಲೆನಾ ಈಜಿಪ್ಟಿನಿಂದ ಧಾನ್ಯವನ್ನೂ ಸೈಪ್ರಸ್‌ನಿಂದ ಒಣಗಿದ ಅಂಜೂರವನ್ನೂ ತರಿಸಿ ಯೆರೂಸಲೇಮಿನ ಹಸಿದವರಿಗೆ ಹಂಚಿಸಿದಳು ಎಂದು ಅವನು ಬರೆದಿದ್ದಾನೆ. ಅಂತಿಯೋಕ್ಯದವರು ತಮ್ಮ ತಮ್ಮ ಶಕ್ತಿಯಿದ್ದಷ್ಟು ಹಣ ಕೂಡಿಸಿ ಬಾರ್ನಬ ಮತ್ತು ಸೌಲರ ಕೈಗೆ ಕೊಟ್ಟು ಕಳಿಸಿದರು. ಹಿಂದೆ ತನ್ನ ಹೊಲದ ಹಣ ಇಟ್ಟವನ ಕೈಗೇ ಈಗ ಊರವರ ಹಣ. ಜೊತೆಯಲ್ಲಿ ಹೋದವನು, ಒಂದು ಕಾಲಕ್ಕೆ ಅದೇ ಯೆರೂಸಲೇಮಿನ ಕ್ರೈಸ್ತರನ್ನು ಸೆರೆಗೆ ಹಾಕಿಸಿದವನು. ಸಭೆಯ ಹಣ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಚರ್ಚುಗಳು ಒಡೆದುಹೋಗುವುದನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.

ಆಮೇಲಿನದು ಸೇವಾಪ್ರಯಾಣ. ಅಂತಿಯೋಕ್ಯದ ಐವರು ಬೋಧಕರ ಪಟ್ಟಿಯನ್ನು ಲೂಕ ಕೊಡುತ್ತಾನೆ. ನೀಗರ ಅಂದರೆ ಕರಿಯ ಎಂಬ ಅಡ್ಡಹೆಸರಿನ ಸಿಮೆಯೋನ, ಉತ್ತರ ಆಫ್ರಿಕಾದ ಕುರೇನ್ಯದ ಲೂಕ್ಯ, ಹೆರೋದನ ಜೊತೆ ಬೆಳೆದ ಮೆನಹೇನ, ಎಲ್ಲ ಅದರಲ್ಲಿದ್ದಾರೆ. ಮೊದಲ ಹೆಸರು ಬಾರ್ನಬ, ಕೊನೆಯದು ಸೌಲ. ಇವರಲ್ಲಿ ಪ್ರಯಾಣಕ್ಕೆ ಆಯ್ಕೆಯಾದ ಬಾರ್ನಬ ಮತ್ತು ಸೌಲರು ಮೊದಲು ಹಡಗು ಹತ್ತಿದ್ದು ಬಾರ್ನಬನ ಹುಟ್ಟುದ್ವೀಪಕ್ಕೆ. ಸಲಮೀಸಿನಿಂದ ದ್ವೀಪವನ್ನು ದಾಟಿ ಪಾಫೋಸಿಗೆ ಬಂದಾಗ, ರೋಮನ್ ಅಧಿಪತಿ ಸೆರ್ಗ್ಯಪೌಲನ ಮುಂದೆ ಎಲುಮನೆಂಬ ಮಂತ್ರವಾದಿ ಅಡ್ಡ ಬಂದ. ಎದ್ದು ನಿಂತು ಅವನ ಬಾಯಿ ಮುಚ್ಚಿಸಿದವನು ಸೌಲ. ಅಲ್ಲಿಂದ ಹಡಗು ಬಿಟ್ಟವರನ್ನು ಲೂಕ ಪೌಲನೂ ಅವನ ಜೊತೆಯವರೂ ಎಂದು ಬರೆಯುತ್ತಾನೆ. ಸ್ವಂತ ನೆಲದಲ್ಲೇ ಬಾರ್ನಬನ ಹೆಸರು ಹಿಂದಕ್ಕೆ ಸರಿಯಿತು. ಇದರಿಂದ ಅವನು ಬೇಸರಗೊಂಡ ಎಂಬ ಒಂದು ಸಾಲೂ ಎಲ್ಲೂ ಇಲ್ಲ. ಆದರೂ ಯೆರೂಸಲೇಮಿನಲ್ಲಿ, ಅವನನ್ನು ಮೊದಲಿಂದ ಬಲ್ಲವರ ನಡುವೆ, ಬಾರ್ನಬ ಮತ್ತು ಪೌಲ ಎಂಬ ಹಳೆಯ ಕ್ರಮ ಮತ್ತೆ ಕಾಣಿಸುತ್ತದೆ.

ಲುಸ್ತ್ರ ಎಂಬ ಊರಲ್ಲಿ ಹುಟ್ಟುಕುಂಟನೊಬ್ಬ ಎದ್ದು ನಡೆದಾಗ ಜನ ಲುಕವೋನ್ಯ ಭಾಷೆಯಲ್ಲಿ ಕೂಗೆಬ್ಬಿಸಿ, ದೇವರುಗಳೇ ಮನುಷ್ಯರಾಗಿ ಇಳಿದಿದ್ದಾರೆ ಎಂದರು. ಮಾತಾಡುತ್ತಿದ್ದ ಪೌಲ ಅವರಿಗೆ ದೇವರುಗಳ ದೂತ ಹೆರ್ಮೆಸ್ ಆಗಿ ಕಂಡ, ಸುಮ್ಮನೆ ನಿಂತಿದ್ದ ಬಾರ್ನಬ ದೇವರಾಜ ಝ್ಯೂಸ್ ಆಗಿ. ಹತ್ತಿರದ ಸೀಮೆಯಲ್ಲಿ ಈ ಇಬ್ಬರು ದೇವರು ವೇಷ ಮರೆಸಿಕೊಂಡು ಬಂದು, ಯಾರೂ ಒಳಗೆ ಕರೆಯದೆ, ಕೊನೆಗೆ ಬಡ ಮುದಿದಂಪತಿಯ ಗುಡಿಸಲಿನಲ್ಲಿ ಉಂಡ ಕಥೆಯನ್ನು ಲ್ಯಾಟಿನ್ ಕವಿ ಓವಿಡ್ ಹೇಳಿದ್ದಾನೆ. ಈ ಸಲವೂ ಹಾಗೆ ತಪ್ಪಬಾರದೆಂದು ಪೂಜಾರಿ ಎತ್ತುಗಳನ್ನೂ ಹೂಮಾಲೆಗಳನ್ನೂ ಊರಬಾಗಿಲಿಗೆ ತಂದ. ಬಾರ್ನಬ, ಪೌಲ ಇಬ್ಬರೂ ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿ, ನಾವೂ ನಿಮ್ಮಂಥ ಮನುಷ್ಯರೇ ಎಂದು ಬೇಡಿಕೊಂಡರು. ಬೇರೆ ಊರುಗಳಿಂದ ಬಂದ ವಿರೋಧಿಗಳು ಇದೇ ಜನರ ಮನಸ್ಸನ್ನು ತಿರುಗಿಸಿದ ಮೇಲೆ ಪೌಲನ ಮೇಲೆ ಕಲ್ಲು ಬಿತ್ತು. ಸತ್ತನೆಂದು ಊರಾಚೆ ಎಳೆದು ಬಿಸಾಕಿದರು. ಮಾರನೆಯ ದಿನ ಅವನು ಎದ್ದು ದೆರ್ಬೆಗೆ ಹೊರಟಾಗ ಜೊತೆಯಲ್ಲಿದ್ದವನು ಬಾರ್ನಬ.

ಬಾರ್ನಬನೂ ಜಾರಿದ ಊಟದ ಪಂಕ್ತಿ

ಇಷ್ಟು ಓದಿ ಬಾರ್ನಬನನ್ನು ಕಳಂಕವಿಲ್ಲದ ಮೂರ್ತಿ ಮಾಡಿ ಪೀಠದ ಮೇಲೆ ಕೂರಿಸುವಂತಿಲ್ಲ. ಗಲಾತ್ಯ ಪತ್ರದ ಎರಡನೆಯ ಅಧ್ಯಾಯ ಅದಕ್ಕೆ ಅವಕಾಶ ಕೊಡುವುದಿಲ್ಲ. ಅಂತಿಯೋಕ್ಯದಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಉಣ್ಣುತ್ತಿದ್ದರು. ಪೇತ್ರನೂ ಅಲ್ಲಿದ್ದಾಗ ಹಾಗೇ ಉಂಡ. ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ ಕೆಲವರು ಬಂದದ್ದೇ ತಡ, ಪೇತ್ರ ಹೆದರಿ ಪಂಕ್ತಿ ಬೇರೆ ಮಾಡಿಕೊಂಡ. ಉಳಿದ ಯೆಹೂದ್ಯರು ಅವನ ಹಿಂದೆ ಹೋದರು. ಬಾರ್ನಬನೂ ಸಹ ಅವರ ಕಪಟಕ್ಕೆ ಸೆಳೆದುಹೋದ ಎಂದು ಪೌಲ ನೊಂದು ಬರೆಯುತ್ತಾನೆ. ಪೇತ್ರನ ಬಗ್ಗೆ ಅವನಿಗೆ ಸಿಟ್ಟಿದೆ. ಬಾರ್ನಬನ ಮಾತು ಬಂದಾಗ ನೋವೇ ಹೆಚ್ಚು. ಅನ್ಯಜನರ ಸಭೆಯನ್ನು ಕಂಡು ಮೊದಲು ಸಂತೋಷಪಟ್ಟವನು, ಅವರ ಜೊತೆ ವರ್ಷಗಟ್ಟಲೆ ಉಂಡವನು, ದೊಡ್ಡವರ ಮುಖ ನೋಡಿ ಎಲೆ ಬದಲಿಸಿದ.

ನಮ್ಮ ದೇಶದಲ್ಲಿ ಈ ಪ್ರಸಂಗವನ್ನು ಓದಿದವರು ಸುಮ್ಮನೆ ಮುಂದೆ ಹೋಗಲಾರರು. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದದ್ದುಂಟು. ಕೆಲವು ಕಡೆ ಅದು ಇನ್ನೂ ಹೋಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ದೀಕ್ಷಾಸ್ನಾನ ಪಡೆದವರು ಜಾತಿ ಬಿಡಲೇಬೇಕೆಂದು ಪಟ್ಟು ಹಿಡಿಯಿತು. ಜಾತಿ ಬಿಟ್ಟವರಿಗೆ ಮನೆಯೂ ಕಸುಬೂ ಕೈತಪ್ಪುತ್ತಿತ್ತು. ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನು ತೆರೆದದ್ದಕ್ಕೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದ್ದಕ್ಕೂ ಅವರಿಗೆ ಅನ್ನದ ದಾರಿ ಮಾಡುವುದು ಒಂದು ದೊಡ್ಡ ಕಾರಣ. ಒಂದೇ ಪಂಕ್ತಿಯಲ್ಲಿ ಕೂತವರು ತೆರಬೇಕಾದ ಬೆಲೆ ಏನೆಂದು ಕರಾವಳಿಯ ಆ ಕುಟುಂಬಗಳಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ಸೌಲನ ಪರವಾಗಿ ಧೈರ್ಯ ತೋರಿದ ಬಾರ್ನಬನಿಗೆ ಇಡೀ ಒಂದು ಪಂಕ್ತಿಯ ಪರವಾಗಿ ಆ ದಿನ ಧೈರ್ಯ ಸಾಲಲಿಲ್ಲ. ಒಳ್ಳೆಯವರು ಜಾರುವುದು ಹೆಚ್ಚಾಗಿ ಹೀಗೆ. ಅವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಯಾರನ್ನೂ ಬೇಸರಪಡಿಸಬಾರದೆಂಬ ಮೃದುತನ ಇರುತ್ತದೆ. ಎಲ್ಲರಿಗೂ ಬೇಕಾದವನಾಗಿರುವ ಸ್ವಭಾವದ ಅಪಾಯ ಇದು. ಬಾರ್ನಬನ ಹಾದಿ ಹಿಡಿಯಬೇಕೆಂದಿರುವವರು ಇದನ್ನು ಅವನ ಉಪಕಾರಗಳಷ್ಟೇ ಗಮನವಿಟ್ಟು ಓದಬೇಕು.

ಇನ್ನು ಮಾರ್ಕನ ವಿಷಯ. ಯೋಹಾನ ಎಂಬ ಮಾರ್ಕ ಬಾರ್ನಬನ ಹತ್ತಿರದ ಸಂಬಂಧಿ. ಅವನ ತಾಯಿ ಮರಿಯಳ ಮನೆಯಲ್ಲಿ ಯೆರೂಸಲೇಮಿನ ಶಿಷ್ಯರು ಪ್ರಾರ್ಥನೆಗೆ ಸೇರುತ್ತಿದ್ದರು. ಸೆರೆಯಿಂದ ಬಿಡುಗಡೆಯಾದ ಪೇತ್ರ ಬಂದು ತಟ್ಟಿದ್ದು ಆ ಮನೆಯ ಬಾಗಿಲನ್ನೇ. ರೋದೆ ಎಂಬ ಕೆಲಸದ ಹುಡುಗಿ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಆ ಮನೆಯ ಹುಡುಗ ಮೊದಲ ಸೇವಾಪ್ರಯಾಣದಲ್ಲಿ ಸಹಾಯಕನಾಗಿ ಹೊರಟು, ಕುಪ್ರ ದಾಟಿ ಪೆರ್ಗೆಗೆ ಬಂದಾಗ ಕೈಬಿಟ್ಟು ಮನೆಗೆ ಮರಳಿದ. ಯಾಕೆಂದು ಲೂಕ ಹೇಳುವುದಿಲ್ಲ.

ಎರಡನೆಯ ಪ್ರಯಾಣದ ಮಾತು ಬಂದಾಗ ಬಾರ್ನಬ ಮಾರ್ಕನನ್ನು ಕರೆದುಕೊಳ್ಳೋಣವೆಂದ. ಬೇಡವೆಂದ ಪೌಲ. ಲುಸ್ತ್ರದಲ್ಲಿ ಕಲ್ಲೇಟು ತಿಂದ ಮನುಷ್ಯ, ನಡುದಾರಿಯಲ್ಲಿ ಬಿಟ್ಟುಹೋದವನನ್ನು ಮತ್ತೆ ನಂಬಲಾರೆ ಎಂದರೆ ಅದರಲ್ಲಿ ನ್ಯಾಯವಿದೆ. ಸಂಬಂಧಿಕನೆಂದು ಬಾರ್ನಬ ಪಕ್ಷಪಾತ ಮಾಡಿದ ಎನ್ನುವವರೂ ಇದ್ದಾರೆ. ಆದರೆ ಸೌಲ ಅವನಿಗೆ ಯಾವ ಸಂಬಂಧಿಯೂ ಆಗಿರಲಿಲ್ಲವಲ್ಲ. ಅಪರಿಚಿತನಿಗೆ ಮಾಡಿದ್ದನ್ನೇ ಅವನು ಈಗ ಮನೆಯವನಿಗೂ ಮಾಡಿದ. ಮಾತಿಗೆ ಮಾತು ಬೆಳೆದು, ತೀವ್ರ ವಾಗ್ವಾದವಾಗಿ, ಇಬ್ಬರೂ ಬೇರೆಯಾದರು. ಪೌಲ ಸೀಲನನ್ನು ಆರಿಸಿಕೊಂಡ. ಅಂತಿಯೋಕ್ಯದ ಸಹೋದರರು ಪೌಲನನ್ನು ಕರ್ತನ ಕೃಪೆಗೆ ಒಪ್ಪಿಸಿ ಕಳಿಸಿಕೊಟ್ಟರೆಂದು ಲೂಕ ಬರೆಯುತ್ತಾನೆ; ಬಾರ್ನಬನ ವಿಷಯದಲ್ಲಿ ಆ ಮಾತಿಲ್ಲ. ತಾನು ಕಟ್ಟಿ ಬೆಳೆಸಿದ ಸಭೆಯ ಒಲವು ಆ ದಿನ ಅವನ ಕಡೆಗಿರಲಿಲ್ಲವೆಂದು ತೋರುತ್ತದೆ. ಅವನು ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ಅಪೊಸ್ತಲರ ಕೃತ್ಯಗಳಲ್ಲಿ ಅವನ ಹೆಸರು ಅಲ್ಲಿಗೆ ಮುಗಿಯುತ್ತದೆ. ಲೂಕನ ಲೇಖನಿ ಪೌಲನ ಹಿಂದೆ ಹೋಯಿತು.

ಅವನು ಸಲಮೀಸಿನಲ್ಲಿ ಹುತಾತ್ಮನಾದ ಎಂಬುದು ಸೈಪ್ರಸ್ಸಿನ ಸಂಪ್ರದಾಯ. 5ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಆರ್ಚ್‌ಬಿಷಪ್ ಅವನ ಸಮಾಧಿ ಸಿಕ್ಕಿತೆಂದು ಸಾರಿದ. ಆ ಬಲದಿಂದ ಸೈಪ್ರಸ್ಸಿನ ಚರ್ಚು ಅಂತಿಯೋಕ್ಯದ ಅಧೀನಕ್ಕೆ ಹೋಗದೆ ಸ್ವತಂತ್ರವಾಗಿ ಉಳಿಯಿತು. ಝೀನೋ ಚಕ್ರವರ್ತಿ ಕೊಟ್ಟನೆಂದು ಹೇಳುವ ಗೌರವದಂತೆ ಅಲ್ಲಿನ ಆರ್ಚ್‌ಬಿಷಪ್ ಇಂದಿಗೂ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಾರೆ. ಹೊಲ ಮಾರಿದವನ ಹೆಸರಿನಲ್ಲಿ ಅಧಿಕಾರದ ಗಡಿ ಗುರುತಿಸಿದ್ದು ಅವನಿಗೆ ಎಷ್ಟು ಹಿಡಿಸುತ್ತಿತ್ತೋ ಎಂದು ನಾನು ಯೋಚಿಸಿದ್ದುಂಟು.

ಬಾರ್ನಬ ಮಾರ್ಕನ ಮೇಲಿಟ್ಟ ನಂಬಿಕೆ ಏನಾಯಿತು ಎಂಬುದಕ್ಕೆ ಪುರಾವೆ ಪತ್ರಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಪೇತ್ರನ ಮೊದಲ ಪತ್ರ ಮಾರ್ಕನನ್ನು ಮಗನೆಂದು ಕರೆಯುತ್ತದೆ. ಪೇತ್ರನ ಮಾತುಗಳನ್ನು ಬರೆದಿಟ್ಟವನು ಮಾರ್ಕನೇ ಎಂದು 2ನೇ ಶತಮಾನದ ಆರಂಭದ ಬಿಷಪ್ ಪಾಪಿಯಾಸ್ ಹೇಳುತ್ತಾನೆ. ಮಾರ್ಕನ ಸುವಾರ್ತೆಯೇ ನಾಲ್ಕು ಸುವಾರ್ತೆಗಳಲ್ಲಿ ಮೊದಲು ಬರೆದದ್ದು ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮತ. ಪೌಲನ ಹೆಸರಿನಲ್ಲಿರುವ ತಿಮೊಥೆಯ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಬೇಕಾದವನು ಎಂಬ ಅರ್ಥದ ಮಾತಿದೆ. ಬಾರ್ನಬನ ವಿಷಯದಲ್ಲೂ ಪೌಲನಿಗೆ ಕಹಿ ಉಳಿದಂತೆ ಕಾಣುವುದಿಲ್ಲ. ಬೇರೆಯಾಗಿ ಕೆಲವು ವರ್ಷಗಳ ಮೇಲೆ ಕೊರಿಂಥದವರಿಗೆ ಬರೆಯುವಾಗ, ಸಭೆಗೆ ಭಾರವಾಗದೆ ಸ್ವಂತ ಕೈಯಿಂದ ದುಡಿದು ಉಣ್ಣುವವರೆಂದು ಅವನು ತನ್ನ ಜೊತೆ ಸೇರಿಸಿ ಹೇಳುವ ಹೆಸರು ಬಾರ್ನಬನದು. ಕೊಲೊಸ್ಸೆಯ ಸಭೆಗೆ ಬರೆದ ಪತ್ರದ ಕೊನೆಯಲ್ಲಿ ಮಾರ್ಕನನ್ನು ಬಾರ್ನಬನ ಬಂಧುವೆಂದು ಪರಿಚಯಿಸಿ, ಬಂದರೆ ಸೇರಿಸಿಕೊಳ್ಳಿ ಎಂದು ಹೇಳಲಾಗಿದೆ. ಪೌಲ ಬೇಡವೆಂದವನನ್ನು ಪೌಲನೇ ಶಿಫಾರಸು ಮಾಡುತ್ತಿದ್ದಾನೆ.

ಅದೇ ಕೊಲೊಸ್ಸೆಯ ಫಿಲೆಮೋನನೆಂಬ ಯಜಮಾನನಿಗೆ ಪೌಲ ಸೆರೆಮನೆಯಿಂದ ಬರೆದ ಪುಟ್ಟ ಪತ್ರವೊಂದಿದೆ. ಯಜಮಾನನ ಮನೆ ಬಿಟ್ಟು ಬಂದಿದ್ದ ಒನೇಸಿಮ ಎಂಬ ಗುಲಾಮನನ್ನು ಆ ಪತ್ರದ ಜೊತೆ ಹಿಂದಕ್ಕೆ ಕಳಿಸುತ್ತಾ, ಇವನನ್ನು ಇನ್ನು ಗುಲಾಮನಂತೆ ನೋಡಬೇಡ, ತಮ್ಮನಂತೆ ಸೇರಿಸಿಕೋ ಎಂದು ಬೇಡುತ್ತಾನೆ. ಇವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಇವನು ಏನಾದರೂ ಕೊಡಬೇಕಾಗಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು, ಇದನ್ನು ಸ್ವಂತ ಕೈಯಿಂದಲೇ ಬರೆಯುತ್ತಿದ್ದೇನೆಂಬ ಮಾತನ್ನೂ ಸೇರಿಸುತ್ತಾನೆ. ಆ ಪತ್ರದ ಕೊನೆಯಲ್ಲಿ ಫಿಲೆಮೋನನಿಗೆ ವಂದನೆ ಹೇಳುವ ಜೊತೆಕೆಲಸದವರಲ್ಲಿ ಮೊದಲ ಹೆಸರು ಮಾರ್ಕನದು.